ಮಟ್ಟಾಂಚೇರಿಯ ಮಾರ್ಗದರ್ಶಿ ಕಥನ: ಒಂದು ಜಾನಪದೀಯ ವಿಮರ್ಶೆ

ಕನ್ನಡದಲ್ಲಿ ಜಾನಪದ ಅಧ್ಯಯನವು ಒಂದು ಶಿಸ್ತಾಗಿ ಬೆಳೆದ ಅವಧಿಯಲ್ಲಿ ನಾವು ಬಗೆಬಗೆಯ ನಿರೂಪಕರನ್ನು ಹುಡುಕಿಕೊಂಡು ಹೋಗಿದ್ದೇವೆ. ನೀಲಗಾರರು, ದೇವರಗುಡ್ಡರು, ಗೊಂದಲಿಗರು, ಕಿನ್ನರಿ ಜೋಗಿಗಳು, ಹೆಳವರು, ಗದ್ದೆಯಲ್ಲಿ ಪಾಡ್ದನ ಹಾಡುವ ಹೆಂಗಸರು ಇವರೆಲ್ಲರ ಪಠ್ಯಗಳು ಇಂದು ಸಂಪುಟಗಳಾಗಿ ಲಭ್ಯವಿವೆ. ಆದರೆ ದಿನಕ್ಕೆ ನಾಲ್ಕೈದು ಬಾರಿ, ಗುರುತೇ ಇಲ್ಲದ ಶ್ರೋತೃಗಳ ಮುಂದೆ, ಒಂದು ಊರಿನ ಕಥೆಯನ್ನು ಬಾಯಲ್ಲೇ ಕಟ್ಟಿ ಹೇಳುವ ನಿರೂಪಕನೊಬ್ಬನನ್ನು ನಾವು ಬಹುಮಟ್ಟಿಗೆ ಕಡೆಗಣಿಸಿದ್ದೇವೆ. ಆತ ಪ್ರವಾಸಿ ಮಾರ್ಗದರ್ಶಿ. ಜನರ ಮಾತಿನಲ್ಲಿ ಗೈಡ್. ಹಂಪಿಯ ವಿಟ್ಠಲ ದೇವಾಲಯದಲ್ಲಿ ನಾದ ಹೊಮ್ಮಿಸುವ ಕಂಬಗಳ ಗುಟ್ಟು ತಿಳಿಯಲು ಬ್ರಿಟಿಷರು ಎರಡು ಕಂಬಗಳನ್ನು ಕೊಯ್ದು ನೋಡಿದರೆಂಬ ಕಥೆಯನ್ನು ನಮ್ಮಲ್ಲಿ ಕೇಳದವರಿಲ್ಲ. ಇತಿಹಾಸಕಾರರು ಇಂಥ ಮಾತುಗಳನ್ನು ತಪ್ಪು ಎಂದು ಬದಿಗಿಟ್ಟರು. ಜಾನಪದ ವಿದ್ವಾಂಸರು ಇವು ಕೂಲಿಗಾಗಿ ಹೇಳುವ ಮಾತುಗಳು, ಅಚ್ಚ ಜಾನಪದವಲ್ಲ ಎಂದು ಬದಿಗಿಟ್ಟರು. ಕೂಲಿ ಪಡೆಯದೆ ಹಾಡಿದ ವೃತ್ತಿಗಾಯಕ ಯಾವ ಕಾಲದಲ್ಲಿ ಇದ್ದನೋ ತಿಳಿಯದು.

ಪ್ರಸ್ತುತ ಲೇಖನವು ಇಂಥ ಒಂದು ಮಾರ್ಗದರ್ಶಿ ಕಥನವನ್ನು ವಿಮರ್ಶೆಗೆ ಒಳಪಡಿಸುತ್ತದೆ. ಕೊಚ್ಚಿಯ ಮಟ್ಟಾಂಚೇರಿಯಲ್ಲಿ 'ಜ್ಯೂ ಟೌನ್' ಎಂದು ಕರೆಯಲಾಗುವ ಬೀದಿಯಲ್ಲಿ ಪ್ರವಾಸಿಗರಿಗೆ ಹೇಳಲಾಗುವ ಯಹೂದಿಗಳ ಕಥೆ ಅದು. 2006ರಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದಾಗ ಮೊದಲ ಬಾರಿಗೆ, ಅನಂತರ 2014ರಲ್ಲಿ, ಕಡೆಯದಾಗಿ 2023ರಲ್ಲಿ ನಾನು ಆ ಬೀದಿಯಲ್ಲಿ ಬೇರೆ ಬೇರೆ ಮಾರ್ಗದರ್ಶಿಗಳ ಹಿಂದೆ ಪ್ರವಾಸಿಗನಂತೆಯೇ ಹಣ ತೆತ್ತು ನಡೆದಿದ್ದೇನೆ. ಮೊದಲ ಸಲ ಕೇಳಿದ್ದನ್ನೆಲ್ಲ ನಂಬಿದೆ. ಎರಡನೆಯ ಸಲ ಒಂದನ್ನೂ ನಂಬಲಿಲ್ಲ. ಈ ಎರಡೂ ನಿಲುವುಗಳು ಅಧ್ಯಯನಕ್ಕೆ ನಿರುಪಯುಕ್ತವೆಂಬುದು ಮೂರನೆಯ ಸಲ ಹೋಗುವ ಹೊತ್ತಿಗೆ ಅರಿವಾಗಿತ್ತು.

ಕಥನದ ಹಾದಿ ಎಲ್ಲ ಮಾರ್ಗದರ್ಶಿಗಳಲ್ಲೂ ಹೆಚ್ಚುಕಡಿಮೆ ಒಂದೇ. ಡಚ್ಚರ ಅರಮನೆ ಎಂದು ಹೆಸರಾದ, ಪೋರ್ಚುಗೀಸರು ಕಟ್ಟಿಸಿಕೊಟ್ಟ ಕೊಚ್ಚಿ ರಾಜರ ಅರಮನೆಯಿಂದ ಆರಂಭ. ಅಲ್ಲಿಂದ ಸಂಬಾರ ಪದಾರ್ಥಗಳ ಅಂಗಡಿಗಳ ನಡುವಿನ ಕಿರಿದಾದ ಬೀದಿ. ಬೀದಿಯ ತುದಿಯಲ್ಲಿ ಗಡಿಯಾರ ಗೋಪುರ. ಅದರ ಬದಿಗೆ 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗ್. ಒಳಗೆ ಹೋಗುವ ಮುನ್ನ ಚಪ್ಪಲಿ ಬಿಡಬೇಕು. ಇದು ಜಗತ್ತಿನ ಬಹುತೇಕ ಸಿನಗಾಗ್‌ಗಳಲ್ಲಿ ಇಲ್ಲದ ರೂಢಿ, ಮಲಯಾಳ ನೆಲದ ದೇವಾಲಯ ಸಂಸ್ಕೃತಿಯಿಂದ ಬಂದದ್ದು. ಮಾರ್ಗದರ್ಶಿ ಇದನ್ನು ತಪ್ಪದೆ ಹೇಳುತ್ತಾನೆ, ಸರಿಯಾಗಿಯೇ ಹೇಳುತ್ತಾನೆ. ಅರಮನೆಯ ಭಗವತಿ ಗುಡಿಗೂ ಸಿನಗಾಗಿಗೂ ನಡುವೆ ಇರುವುದು ಒಂದು ಗೋಡೆ ಮಾತ್ರ ಎಂಬುದನ್ನೂ ಹೇಳುತ್ತಾನೆ. ಒಳಗೆ ಗಾಜಿನ ದೀಪಗುಚ್ಛಗಳು, ಹಿತ್ತಾಳೆಯ ಕಟಕಟೆಯಿರುವ ಪಠಣಪೀಠ, ಕಾಲಡಿಯಲ್ಲಿ ನೀಲಿ ಚಿತ್ರಗಳ ಪಿಂಗಾಣಿ ಬಿಲ್ಲೆಗಳು. ಅರ್ಧ ಗಂಟೆಯೊಳಗೆ ಎಲ್ಲವೂ ಮುಗಿಯಬೇಕು. ಹೊರಗೆ ಮತ್ತೊಂದು ತಂಡ ಕಾದಿರುತ್ತದೆ.

ಈ ಕಥನದ ತಿರುಳಾಗಿ ನಿಲ್ಲುವುದು ಆ ಪಿಂಗಾಣಿ ಬಿಲ್ಲೆಗಳ ಐತಿಹ್ಯ. ಚೀನಾದ ಕ್ಯಾಂಟನ್‌ನಲ್ಲಿ ಕೈಯಿಂದ ಚಿತ್ರ ಬರೆದು ತಯಾರಿಸಿದ ಈ ಬಿಲ್ಲೆಗಳನ್ನು 1762ರಲ್ಲಿ ತರಿಸಿ ಹಾಸಿಸಿದವನು ಎಜಕೀಲ್ ರಹಾಬಿ. ಡಚ್ ಕಂಪನಿಯೊಂದಿಗೆ ದೊಡ್ಡ ಮಟ್ಟದ ವ್ಯವಹಾರವಿದ್ದ ಈ ವರ್ತಕನೇ 1760ರಲ್ಲಿ ಗಡಿಯಾರ ಗೋಪುರವನ್ನೂ ಕಟ್ಟಿಸಿದ. ಇಷ್ಟು ದಾಖಲೆಯ ಮಾತು. ಮಾರ್ಗದರ್ಶಿ ಹೇಳುವುದು ಬೇರೆ. ಬಿಲ್ಲೆಗಳನ್ನು ಮೊದಲು ತರಿಸಿದವನು ರಾಜ, ತನ್ನ ಅರಮನೆಗಾಗಿ. ಯಹೂದಿ ವರ್ತಕರು ಅವುಗಳ ಚೆಲುವಿಗೆ ಮನಸೋತರು. ಈ ಬಿಲ್ಲೆಗಳ ಮಣ್ಣಿಗೆ ಹಸುವಿನ ರಕ್ತ ಬೆರೆಸಿದ್ದಾರೆಂದು ರಾಜನ ಕಿವಿಗೆ ಹಾಕಿದರು. ರಾಜ ಬೆಚ್ಚಿಬಿದ್ದು, ಹಾಗಿದ್ದರೆ ನೀವೇ ಒಯ್ಯಿರಿ ಎಂದ. ಕಥೆ ಮುಗಿಯುತ್ತಿದ್ದಂತೆ ಪ್ರವಾಸಿಗರು ನಗುತ್ತಾರೆ. ನಾನೂ 2006ರಲ್ಲಿ ನಕ್ಕಿದ್ದೆ.

ಆಶಯದ ದೃಷ್ಟಿಯಿಂದ ನೋಡಿದರೆ ಇದು ಬಲ್ಲಿದನನ್ನು ಅವನದೇ ನಂಬಿಕೆಯಿಂದ ಕಟ್ಟಿಹಾಕುವ ಚತುರನ ಕಥೆ. ನಮ್ಮ ತೆನಾಲಿ ರಾಮಕೃಷ್ಣನ ಕಥೆಗಳನ್ನು ಕೇಳಿ ಬೆಳೆದವರಿಗೆ ಇದರ ಚೌಕಟ್ಟು ಅಪರಿಚಿತವಲ್ಲ. ಆದರೆ ತೆನಾಲಿ ರಾಮ ಆಸ್ಥಾನದ ಒಳಗಿನವನು. ಇಲ್ಲಿ ಚತುರನಾದವನು ಹೊರಗಿನಿಂದ ಬಂದು ರಾಜನ ಆಶ್ರಯದಲ್ಲಿ ನೆಲೆಸಿದವನು, ಅದೂ ವ್ಯಾಪಾರಿ. ಆದ್ದರಿಂದ ಒಂದೇ ಕಥೆ ಯಾರು ಯಾರಿಗೆ ಹೇಳುತ್ತಾರೆಂಬುದರ ಮೇಲೆ ಎರಡು ಅರ್ಥ ಪಡೆಯುತ್ತದೆ. ಸಮುದಾಯದವರೇ ತಮ್ಮೊಳಗೆ ಹೇಳಿಕೊಂಡಾಗ, ಅಲ್ಪಸಂಖ್ಯಾತರು ತಮ್ಮ ರಾಜನನ್ನು ಪ್ರೀತಿಯಿಂದ ಗೇಲಿ ಮಾಡುವ ವಿನೋದ ಅದು. ಮಾರ್ಗದರ್ಶಿಯ ಬಾಯಲ್ಲಿ, ಊರು ನೋಡಲು ಬಂದವರ ಮುಂದೆ, ಅದು 'ಯಹೂದಿ ಎಂದರೆ ಠಕ್ಕ ವರ್ತಕ' ಎಂಬ ಯುರೋಪಿನ ಹಳೆಯ ಪೂರ್ವಗ್ರಹಕ್ಕೆ ಕೊಚ್ಚಿಯ ಸಾಕ್ಷಿ ಒದಗಿಸಿದಂತಾಗುತ್ತದೆ. ಹೇಳುವವನಿಗೆ ಅಂಥ ಉದ್ದೇಶವಿಲ್ಲ. ಸಂದರ್ಭ ಬದಲಾದರೆ ಪಠ್ಯ ಬದಲಾಗದೆಯೂ ಅರ್ಥ ಬದಲಾಗುತ್ತದೆಂಬುದಕ್ಕೆ ತರಗತಿಯಲ್ಲಿ ನಾನು ಕೊಡುವ ಉದಾಹರಣೆಗಳಲ್ಲಿ ಇದೂ ಒಂದು.

ಇದರ ಜೊತೆಗೇ ಬರುವ ಇನ್ನೊಂದು ಸೂತ್ರವಾಕ್ಯ, ಒಂದು ಬಿಲ್ಲೆಯಂತೆ ಇನ್ನೊಂದಿಲ್ಲ ಎಂಬುದು. ಬಗ್ಗಿ ನೋಡಿದರೆ ಕೆಲವೇ ಬಗೆಯ ಚಿತ್ರಗಳು ಮತ್ತೆ ಮತ್ತೆ ಬಂದಿರುವುದು ಕಾಣುತ್ತದೆ. ಕೈಬರಹವಾದ್ದರಿಂದ ರೇಖೆಗಳಲ್ಲಿ ಸಣ್ಣ ವ್ಯತ್ಯಾಸಗಳಿವೆ, ಅಷ್ಟೆ. 1995ರಲ್ಲಿ ಸಲ್ಮಾನ್ ರಶ್ದಿ ತಮ್ಮ 'ದಿ ಮೂರ್ಸ್ ಲಾಸ್ಟ್ ಸೈ' ಕಾದಂಬರಿಯಲ್ಲಿ ಈ ಬಿಲ್ಲೆಗಳಿಗೆ ಮಾಂತ್ರಿಕ ಗುಣ ಕೊಟ್ಟ ಮೇಲಂತೂ ಅವುಗಳ ಅನನ್ಯತೆಯನ್ನು ಯಾರೂ ಪ್ರಶ್ನಿಸುವಂತಿಲ್ಲ. ಬರೆದ ಸಾಹಿತ್ಯ ಮೌಖಿಕ ಕಥನಕ್ಕೆ ಮರಳಿ ಇಳಿಯುವ ಕ್ರಮಕ್ಕೆ ಇದು ನಿದರ್ಶನ. ಎಲ್ಲರೂ ನೆಲವನ್ನೇ ನೋಡುತ್ತ ನಿಂತಿರುವುದರಿಂದ, ಅದೇ ನೆಲದ ಮೇಲೆ ಯಾರಿಗೆ ಕೂರುವ ಹಕ್ಕಿತ್ತು, ಯಾರಿಗೆ ಇರಲಿಲ್ಲ ಎಂಬ ಪ್ರಶ್ನೆ ಏಳುವುದೇ ಇಲ್ಲ. ನನ್ನ ಮುಖ್ಯ ತಕರಾರು ಇಲ್ಲಿಂದ ಆರಂಭವಾಗುತ್ತದೆ.

ಅದನ್ನು ವಿವರಿಸುವ ಮೊದಲು ಮೂಲದ ಕಥೆಯತ್ತ ನೋಡಬೇಕು. ಯಹೂದಿಗಳು ಯಾವಾಗ ಬಂದರು ಎಂಬ ಪ್ರಶ್ನೆಗೆ ಮಾರ್ಗದರ್ಶಿಯ ಬಳಿ ಎರಡು ಉತ್ತರಗಳಿವೆ: ಸೊಲೊಮೋನ್ ರಾಜನ ಹಡಗುಗಳೊಡನೆ, ಅಥವಾ ಕ್ರಿ.ಶ. 70ರಲ್ಲಿ ಜೆರುಸಲೇಮಿನ ದೇವಾಲಯ ನಾಶವಾದಾಗ ಹತ್ತು ಸಾವಿರ ಮಂದಿ. ಎರಡೂ ಸಮುದಾಯದ ಐತಿಹ್ಯಗಳೇ. ಕೈಗೆ ಸಿಗುವ ಗಟ್ಟಿ ಆಧಾರ ಕ್ರಿ.ಶ. ಸುಮಾರು 1000ದ ತಾಮ್ರಶಾಸನ. ಚೇರ ದೊರೆ ಭಾಸ್ಕರ ರವಿವರ್ಮನು ಜೋಸೆಫ್ ರಬ್ಬಾನ್ ಎಂಬ ವರ್ತಕಪ್ರಮುಖನಿಗೆ, ಇಂದಿನ ಕೊಡುಂಗಲ್ಲೂರಾದ ಮುಯಿರಿಕ್ಕೋಡಿನಲ್ಲಿ, ಅಂಜುವಣ್ಣದ ಸ್ಥಾನವನ್ನೂ 72 ಹಕ್ಕುಗಳನ್ನೂ ದತ್ತಿಯಾಗಿ ಕೊಟ್ಟದ್ದು ಅದರಲ್ಲಿದೆ. ಹಗಲುದೀವಟಿಗೆ, ಪಲ್ಲಕ್ಕಿ, ಕೊಡೆ, ಕಹಳೆ ಮುಂತಾದ ಗೌರವಗಳು ಅದರಲ್ಲಿ ಸೇರಿವೆ. ನಮ್ಮ ಶಾಸನಗಳಲ್ಲಿ ಅಯ್ಯಾವೊಳೆ ಐನೂರ್ವರ ಬಿರುದುಬಾವಲಿಗಳನ್ನು ಓದಿದವರಿಗೆ ಇದು ವರ್ತಕ ಸಂಘದ ಮುಖ್ಯಸ್ಥನಿಗೆ ಸಂದ ಮನ್ನಣೆ ಎಂದು ಕೂಡಲೇ ಹೊಳೆಯುತ್ತದೆ. ಬೀದಿಯ ಕಥನದಲ್ಲಿ ಮಾತ್ರ ಅದು 'ಯಹೂದಿಗಳಿಗೆ ಒಂದು ರಾಜ್ಯವನ್ನೇ ಕೊಟ್ಟರು' ಎಂದಾಗಿದೆ. ಐತಿಹ್ಯದ ಹಿಗ್ಗುವಿಕೆ ಸಹಜ. ಅದಕ್ಕೆ ಮಾರ್ಗದರ್ಶಿಯನ್ನು ಗದರಬೇಕಾಗಿಲ್ಲ. ಗಮನಿಸಬೇಕಾದ ಸಂಗತಿ ಬೇರೆಯಿದೆ. ಆ ಶಾಸನ ಇಂದು ಇರುವುದು ಪರದೇಶಿ ಸಿನಗಾಗಿನಲ್ಲಿ. ಪರದೇಶಿ ಎಂಬ ಹೆಸರೇ ಹೇಳುವಂತೆ ಅದನ್ನು ಕಟ್ಟಿದವರು 16ನೇ ಶತಮಾನದಲ್ಲಿ ಸ್ಪೇನ್, ಪೋರ್ಚುಗಲ್ ಕಡೆಯಿಂದ ಉಚ್ಚಾಟಿತರಾಗಿ, ಅನಂತರ ಅಲೆಪ್ಪೊ, ಬಾಗ್ದಾದ್ ಮೊದಲಾದೆಡೆಗಳಿಂದ ಬಂದ ಕುಟುಂಬಗಳು. ಅವರಿಗಿಂತ ಶತಮಾನಗಳ ಮುಂಚಿನಿಂದ ಇಲ್ಲಿದ್ದವರು ಮಲಬಾರಿ ಯಹೂದಿಗಳು. ಜೋಸೆಫ್ ರಬ್ಬಾನನ ನಿಜವಾದ ವಾರಸುದಾರರು ಯಾರು ಎಂಬುದು ಎರಡೂ ಪಂಗಡಗಳ ನಡುವೆ ಬಹುಕಾಲ ಉರಿದ ಜಗಳ. ಶಾಸನ ಯಾರ ಪೆಟ್ಟಿಗೆಯಲ್ಲಿದೆಯೋ ಕಥೆಯೂ ಅವರದಾಯಿತು.

ಕೊಚ್ಚಿ ಸೀಮೆಯಲ್ಲಿ ಎಂಟು ಸಿನಗಾಗ್ ಸಮುದಾಯಗಳಿದ್ದವು. ಮಟ್ಟಾಂಚೇರಿಯಲ್ಲೇ ಮೂರು: ಪರದೇಶಿ, ಕಡವುಂಭಾಗಂ, ತೆಕ್ಕುಂಭಾಗಂ. ಎರ್ನಾಕುಳಂನಲ್ಲಿ ಎರಡು, ಜೊತೆಗೆ ಚೇಂದಮಂಗಲಂ, ಮಾಳ, ಪರವೂರು. ಈ ಎಂಟರಲ್ಲಿ ಪರದೇಶಿ ಒಂದನ್ನು ಬಿಟ್ಟರೆ ಉಳಿದ ಏಳೂ ಮಲಬಾರಿಗಳವು. 20ನೇ ಶತಮಾನದ ನಡುಭಾಗದಲ್ಲಿ ಒಟ್ಟು ಎರಡೂವರೆ ಸಾವಿರದಷ್ಟಿದ್ದ ಕೊಚ್ಚಿ ಯಹೂದಿಗಳಲ್ಲಿ ಬಹುಪಾಲು ಜನ ಈ ಏಳಕ್ಕೆ ಸೇರಿದವರು. ಮಾರ್ಗದರ್ಶಿ ಕಥನ ಒಂದನ್ನು ತೋರಿಸಿ ಎಂಟರ ಕಥೆ ಮುಗಿಸುತ್ತದೆ. ಪ್ರಶ್ನಿಸಿದರೆ 'ಬಿಳಿ ಯಹೂದಿ, ಕರಿ ಯಹೂದಿ' ಎಂಬ ಎರಡು ಪದಗಳಲ್ಲಿ ಉತ್ತರ ಸಿಗುತ್ತದೆ. ಬಣ್ಣದ ಹೆಸರಿನಲ್ಲಿ ನಡೆದದ್ದು ಪಂಕ್ತಿಭೇದ, ವಿವಾಹನಿಷೇಧ, ಪೂಜಾಸ್ಥಳದಲ್ಲಿನ ತಾರತಮ್ಯ. ಈ ವಿವಾದ 16ನೇ ಶತಮಾನದಲ್ಲೇ ಕೈರೋದ ಧರ್ಮಪಂಡಿತರ ಮುಂದೆ ಹೋಗಿತ್ತು.

ಅದರೊಳಗೂ ಇನ್ನೊಂದು ಮೆಟ್ಟಿಲಿತ್ತು. ಪರದೇಶಿ ಮನೆಗಳಲ್ಲಿ ದಾಸ್ಯದಿಂದ ಬಿಡುಗಡೆ ಪಡೆದವರ ವಂಶಸ್ಥರನ್ನು ಹೀಬ್ರೂವಿನಲ್ಲಿ ಮೆಶುಹ್ರಾರಿಂ ಎಂದು ಕರೆಯುತ್ತಿದ್ದರು. ಅವರು ಅದೇ ಪರದೇಶಿ ಸಿನಗಾಗಿಗೆ ಬರುತ್ತಿದ್ದರು. ಆದರೆ ಒಳಗಿನ ಬೆಂಚುಗಳ ಮೇಲೆ ಕೂರುವಂತಿರಲಿಲ್ಲ, ಹೊರಕೋಣೆಯಲ್ಲೋ ನೆಲದ ಮೇಲೋ ಕೂರಬೇಕಿತ್ತು. ಈ ಕುಲದಲ್ಲಿ ಹುಟ್ಟಿದ ಎ.ಬಿ. ಸೇಲಂ (1882–1967) ವಕೀಲರಾದರು, ಕೊಚ್ಚಿ ಶಾಸನಸಭೆಯ ಸದಸ್ಯರಾದರು, 1929ರ ಲಾಹೋರ್ ಕಾಂಗ್ರೆಸ್ಸಿಗೆ ಹೋಗಿ ಬಂದರು. ಗಾಂಧೀಜಿಯ ಸತ್ಯಾಗ್ರಹದ ಮಾರ್ಗವನ್ನು ಅವರು ತಮ್ಮದೇ ಸಿನಗಾಗಿನೊಳಗೆ ಪ್ರಯೋಗಿಸಿದರು. 1930 ಮತ್ತು 40ರ ದಶಕಗಳಲ್ಲಿ ಒಂದೊಂದಾಗಿ ಹಕ್ಕುಗಳು ದಕ್ಕಿದವು. ಅವರನ್ನು 'ಯಹೂದಿ ಗಾಂಧಿ' ಎಂದು ಕರೆದದ್ದುಂಟು. ದೇವಾಲಯ ಪ್ರವೇಶದ ಚಳವಳಿಗಳು ಸುತ್ತ ನಡೆಯುತ್ತಿದ್ದ ಕಾಲದಲ್ಲಿ, ವಲಸೆ ಬಂದ ಸಮುದಾಯವೊಂದು ಈ ನೆಲದ ಚಪ್ಪಲಿ ಬಿಡುವ ರೂಢಿಯನ್ನು ಕಲಿತಂತೆ ಜಾತಿಯನ್ನೂ ಕಲಿತಿತ್ತು, ಜಾತಿಯನ್ನು ಎದುರಿಸುವ ಬಗೆಯನ್ನೂ ಕಲಿತಿತ್ತು. ಮೊದಲನೆಯದನ್ನು ಸಿನಗಾಗಿನ ಬಾಗಿಲಲ್ಲಿ ಹೇಳುತ್ತಾರೆ. ಉಳಿದೆರಡನ್ನು ಹೇಳುವುದಿಲ್ಲ. 2014ರಲ್ಲಿ ನಮ್ಮ ತಂಡದ ಮಾರ್ಗದರ್ಶಿಯನ್ನು ಸೇಲಂ ಅವರ ಬಗ್ಗೆ ಕೇಳಿದೆ. ಆತ ಸುತ್ತ ನೋಡಿ, ತಗ್ಗಿದ ದನಿಯಲ್ಲಿ, 'ಸಾರೇ, ಅದೆಲ್ಲ ಮನೆಯೊಳಗಿನ ವಿಷಯ. ಅವರ ಮನೆಗೆ ಬಂದು ನಿಂತು ಅದನ್ನು ಹೇಗೆ ಹೇಳಲಿ?' ಎಂದ. ಈ ಉತ್ತರವನ್ನು ನಾನು ಆಗ ಜಾರಿಕೆ ಎಂದು ಬರೆದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಅತಿಥಿಯ ಮರ್ಯಾದೆಯೂ ಕಥನವನ್ನು ಸೆನ್ಸಾರ್ ಮಾಡುತ್ತದೆ ಎಂಬುದನ್ನು ಕ್ಷೇತ್ರಕಾರ್ಯ ಮಾಡಿದ ನಾವು ಬಲ್ಲೆವು. ನಮ್ಮ ವಕ್ತೃಗಳ ಊರಿನ ಜಾತಿ ಜಗಳಗಳನ್ನು ನಮ್ಮ ಸಂಪಾದಿತ ಸಂಪುಟಗಳಲ್ಲಿ ನಾವು ಎಷ್ಟು ಮುದ್ರಿಸಿದ್ದೇವೆ?

ಕಥನದ ಅತಿ ದೊಡ್ಡ ಮೌನ ಹೆಂಗಸರದು, ಜಾನಪದದವರಿಗೆ ಹೆಚ್ಚು ನೋಯುವುದೂ ಇದೇ. ಕೊಚ್ಚಿಯ ಯಹೂದಿ ಹೆಂಗಸರು ಮಲಯಾಳದಲ್ಲಿ ಹಾಡುಗಳನ್ನು ಕಟ್ಟಿ, ಮಲಯಾಳ ಲಿಪಿಯಲ್ಲಿ ನೋಟುಪುಸ್ತಕಗಳಲ್ಲಿ ಬರೆದಿಟ್ಟುಕೊಂಡು, ಮದುವೆ, ಹಬ್ಬಗಳಲ್ಲಿ ಹಾಡುತ್ತಿದ್ದರು. ಬೈಬಲ್ಲಿನ ಕಥೆಗಳು, ಮದುಮಗಳ ಸಿಂಗಾರ, ಸಿನಗಾಗ್ ಕಟ್ಟಿದ ವೃತ್ತಾಂತ, ಗಿಳಿಯನ್ನು ಕುರಿತ ಹಾಡು, ಕಡೆಗೆ ಜೆರುಸಲೇಮಿನ ಹಂಬಲ ಎಲ್ಲವೂ ಅವುಗಳಲ್ಲಿವೆ. ಹೆಣ್ಣಿನ ದನಿಯನ್ನು ಗಂಡಸರು ಕೇಳಬಾರದೆಂಬ ಕಟ್ಟುಪಾಡು ಎಷ್ಟೋ ಯಹೂದಿ ಸಮಾಜಗಳಲ್ಲಿದ್ದರೂ ಕೊಚ್ಚಿಯಲ್ಲಿ ಹೆಂಗಸರು ಗಂಡಸರ ಎದುರಿಗೇ ಹಾಡುತ್ತಿದ್ದರು. ನಮ್ಮ ಸೋಬಾನೆ ಪದಗಳ ಜೊತೆ ಇಟ್ಟು ನೋಡಬೇಕಾದ ಸಾಮಗ್ರಿ ಇದು. ಪಿ.ಎಂ. ಜುಸ್ಸೆ, ಶೆರ್ಲಿ ಐಸೆನ್‌ಬರ್ಗ್, ಬಾರ್ಬರಾ ಜಾನ್ಸನ್ ಮೊದಲಾದವರು ಈ ನೋಟುಪುಸ್ತಕಗಳನ್ನು ಹುಡುಕಿ ಕಲೆಹಾಕಿದರು. 2005ರಲ್ಲಿ ಸ್ಕರಿಯಾ ಸಕ್ಕರಿಯಾ ಮತ್ತು ಒಫಿರಾ ಗಾಮ್ಲಿಯೆಲ್ 'ಕಾರ್ಕುಳಲಿ' ಎಂಬ ಸಂಕಲನವನ್ನು ಜೆರುಸಲೇಮಿನಿಂದ ಹೊರತಂದರು. ಮೆಶುಹ್ರಾರಿಂ ಮೂಲದ ರೂಬಿ ಡೇನಿಯಲ್ (1912–2002) ಇಸ್ರೇಲಿನ ಕಿಬ್ಬುತ್ಸ್ ಒಂದರಲ್ಲಿ ನೆಲೆಸಿದ ಮೇಲೆ ಹಾಡುಗಳನ್ನು ನೆನಪಿನಿಂದ, ನೋಟುಪುಸ್ತಕಗಳಿಂದ ಎತ್ತಿ ಅನುವಾದಿಸಿದರು. ಜಾನ್ಸನ್ ಅವರೊಡನೆ ಸೇರಿ 1995ರಲ್ಲಿ ತಮ್ಮ ಆತ್ಮಕಥೆ 'ರೂಬಿ ಆಫ್ ಕೊಚಿನ್' ಪ್ರಕಟಿಸಿದರು.

ಈ ಸಂಗ್ರಹಗಳಿಂದ ತಿಳಿದುಬರುವ ಮುಖ್ಯ ಸಂಗತಿಯೆಂದರೆ, ಒಂದೇ ಹಾಡು ಪರದೇಶಿ ಮನೆಯ ನೋಟುಪುಸ್ತಕದಲ್ಲೂ ಇದೆ, ಮಲಬಾರಿ ಮನೆಯದರಲ್ಲೂ ಇದೆ. ಗಂಡಸರು ಬೆಂಚುಗಳನ್ನು ಹಂಚಿಕೊಳ್ಳದಿದ್ದ ಕಾಲದಲ್ಲಿ ಹೆಂಗಸರು ಪದಗಳನ್ನು ಹಂಚಿಕೊಂಡಿದ್ದರು. ಸಿನಗಾಗಿನೊಳಗೆ ಹಿತ್ತಾಳೆ ಮತ್ತು ಪಿಂಗಾಣಿಯ ವಿವರ ಕೇಳಿ ಹೊರಬರುವ ಪ್ರವಾಸಿಗೆ ಈ ಭಾಷೆಯ ಜೀವಂತಿಕೆಯ ಒಂದು ಸೂಚನೆಯೂ ಸಿಗುವುದಿಲ್ಲ. ಅಲ್ಲಿದ್ದವರು ಮಲಯಾಳದಲ್ಲಿ ಕನಸು ಕಂಡವರು ಎಂಬುದು ತಿಳಿಯದೆ, ಮ್ಯೂಸಿಯಮ್ಮಿನಲ್ಲಿ ಕಾಣಸಿಗುವ ಯುರೋಪಿಯನ್ನರ ಹಾಗೆ ಅವರು ಕಾಣುತ್ತಾರೆ.

ಈಗ 'ಕೊನೆಯವರು' ಎಂಬ ಪದದ ವಿಚಾರ. 1993ರಲ್ಲಿ ನೇಥನ್ ಕಾಟ್ಜ್ ಮತ್ತು ಎಲೆನ್ ಗೋಲ್ಡ್‌ಬರ್ಗ್ ಬರೆದ ಗಂಭೀರ ಅಧ್ಯಯನದ ಶೀರ್ಷಿಕೆ 'ದಿ ಲಾಸ್ಟ್ ಜ್ಯೂಸ್ ಆಫ್ ಕೊಚಿನ್'. 2008ರಲ್ಲಿ ಎಡ್ನಾ ಫರ್ನಾಂಡಿಸ್ ಬರೆದ ಪುಸ್ತಕ 'ದಿ ಲಾಸ್ಟ್ ಜ್ಯೂಸ್ ಆಫ್ ಕೇರಳ'. ಬೀದಿಯ ಕಥನ ಈ ಶೀರ್ಷಿಕೆಗಳನ್ನು ತನ್ನ ಉಪಸಂಹಾರವನ್ನಾಗಿ ಮಾಡಿಕೊಂಡಿದೆ. 2006ರಲ್ಲಿ ಮಾರ್ಗದರ್ಶಿ 'ಇನ್ನು ಹತ್ತು ಹನ್ನೆರಡು ಮಂದಿ' ಎಂದಿದ್ದ. 2014ರಲ್ಲಿ ಬೆರಳು ಮಡಚಿ ಎಣಿಸಿದ. ಕಸೂತಿ ಅಂಗಡಿಯ ಕಿಟಕಿಯ ಬಳಿ ಕೂತಿರುತ್ತಿದ್ದ ಸಾರಾ ಕೊಹೆನ್ ಅವರನ್ನು ದೂರದಿಂದ ತೋರಿಸುವುದು ಪ್ರವಾಸದ ಭಾಗವೇ ಆಗಿತ್ತು. 2019ರ ಆಗಸ್ಟಿನಲ್ಲಿ, ತಮ್ಮ 96ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಕಡೆಯ ವರ್ಷಗಳಲ್ಲಿ ಅವರನ್ನು ನೋಡಿಕೊಂಡದ್ದು ನೆರೆಯ ಮುಸ್ಲಿಂ ಕುಟುಂಬ. 2024ರ ಆಗಸ್ಟಿನಲ್ಲಿ ಪರದೇಶಿ ಸಮುದಾಯದ ಮತ್ತೊಬ್ಬ ಹಿರಿಯ ಮಹಿಳೆ ನಿಧನರಾದಾಗ ಪತ್ರಿಕೆಗಳು ಪುನಃ ಅದೇ ಪದವನ್ನು ತಲೆಬರಹದಲ್ಲಿಟ್ಟವು. ಬದುಕಿರುವ ಮನುಷ್ಯರನ್ನು ಅಳಿವಿನ ಅಂಚಿನ ಪ್ರಾಣಿಗಳಂತೆ ಎಣಿಸುವ ಈ ಪದ್ಧತಿ ಸಾಂಸ್ಕೃತಿಕವಾಗಿ ಅಸಭ್ಯ. ತೊಂದರೆ ಅಸಭ್ಯತೆಯಲ್ಲೇ ನಿಲ್ಲುವುದಿಲ್ಲ. ಈ ಎಣಿಕೆ ಸುಳ್ಳು ಕೂಡ.

ಏಕೆಂದರೆ ಕೊಚ್ಚಿ ಯಹೂದಿಗಳು ಅಳಿಯಲಿಲ್ಲ, ವಲಸೆ ಹೋದರು. ಅವರಲ್ಲಿ ಬಹುಪಾಲು ಜನ 1950ರ ದಶಕದ ಮೊದಲಾರ್ಧದಲ್ಲಿ ಇಸ್ರೇಲಿಗೆ ತೆರಳಿದರು. ಕಾರಣ ಕಿರುಕುಳವಲ್ಲ, ಧರ್ಮಶ್ರದ್ಧೆ, ಜೊತೆಗೆ ಬಡತನ. ಹೋಗುವ ಹಾದಿಯೂ ಸುಗಮವಾಗಿರಲಿಲ್ಲ. ಕೊಚ್ಚಿ ಸೀಮೆಯಲ್ಲಿ ಆನೆಕಾಲು ರೋಗವಿದ್ದುದರಿಂದ ಇಸ್ರೇಲಿನ ಅಧಿಕಾರಿಗಳು ಇವರನ್ನು ಕರೆಸಿಕೊಳ್ಳಲು ಬಹಳ ಕಾಲ ಹಿಂದೆಮುಂದೆ ನೋಡಿದರು. ಅಷ್ಟರಲ್ಲಿ ಪ್ರಯಾಣಕ್ಕಾಗಿ ಮನೆಮಾರು ಮಾರಿದವರು ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬಂತೆ ಕಾದು ಕುಳಿತರು. ಕಡೆಗೆ ನೆಗೆವ್ ಮರಳುಗಾಡಿನ ನೆವಾತಿಂ, ಜೆರುಸಲೇಮ್ ಬಳಿಯ ಮೆಸಿಲ್ಲತ್ ಸಿಯೋನ್, ತಾಓಜ್ ಮೊದಲಾದ ಕೃಷಿಗ್ರಾಮಗಳಲ್ಲಿ ನೆಲೆಗೊಂಡರು. ಸಂಬಾರ, ಮೀನು, ಕೋಳಿಯ ವ್ಯಾಪಾರ ಮಾಡಿದ್ದವರು ಅಲ್ಲಿ ಹೂವು ಬೆಳೆದರು. ಇಂದು ಅವರ ಸಂತತಿ ಕೊಚ್ಚಿಯಲ್ಲಿ ಎಂದೂ ಇದ್ದದ್ದಕ್ಕಿಂತ ಹೆಚ್ಚು ಸಂಖ್ಯೆಯಲ್ಲಿದೆ. ಹೆಂಗಸರ ಹಾಡುಗಳು ಅಲ್ಲಿ ಮತ್ತೆ ವೇದಿಕೆ ಏರಿವೆ. 'ಕೊನೆಯವರು' ಎಂಬ ಮಾತು ನಿಲ್ಲಬೇಕಾದರೆ ಈ ಮಲಬಾರಿಗಳನ್ನು ಲೆಕ್ಕದಿಂದ ಕೈಬಿಡಬೇಕು. ಬೆಂಚಿನ ಮೇಲೆ ಕೂರಿಸದ ಹಳೆಯ ಲೆಕ್ಕವೇ ಹೀಗೆ ಹೊಸ ರೂಪದಲ್ಲಿ ಮುಂದುವರಿಯುತ್ತದೆ.

2023ರಲ್ಲಿ ಕಂಡದ್ದನ್ನು ಇಲ್ಲಿ ದಾಖಲಿಸಬೇಕು. ಸಿನಗಾಗಿನ ಹೊರಗೆ ಇಸ್ರೇಲಿನಿಂದ ಬಂದ ಒಂದು ಕುಟುಂಬ ನಿಂತಿತ್ತು. ಎಂಬತ್ತರ ಆಚೀಚಿನ ಅಜ್ಜಿ, ಮಗಳು, ಇಬ್ಬರು ಮೊಮ್ಮಕ್ಕಳು. ಮಾರ್ಗದರ್ಶಿ ಇಂಗ್ಲಿಷಿನಲ್ಲಿ ಬಿಲ್ಲೆಗಳ ಕಥೆ ಹೇಳಿ, ಈಗ ಇಲ್ಲಿ ಯಹೂದಿಗಳೇ ಇಲ್ಲವೆನ್ನಬಹುದು ಎಂದ. ಮೊಮ್ಮಗ ಅದನ್ನು ಹೀಬ್ರೂವಿಗೆ ತಿರುಗಿಸಿ ಅಜ್ಜಿಗೆ ಹೇಳಿದ. ಅಜ್ಜಿ ಮಾರ್ಗದರ್ಶಿಯತ್ತ ತಿರುಗಿ ಮಲಯಾಳದಲ್ಲಿ, 'ಮೋನೇ, ನಿನ್ನ ಮನೆ ಎಲ್ಲಿ?' ಎಂದು ಕೇಳಿದರು. ಆತ ತಬ್ಬಿಬ್ಬಾಗಿ ತನ್ನ ಬೀದಿಯ ಹೆಸರು ಹೇಳಿದ. ಅಜ್ಜಿ ಆ ಬೀದಿಯ ಬಾವಿ ಇನ್ನೂ ಇದೆಯೇ ಎಂದರು. ಮುಂದಿನ ಅರ್ಧ ಗಂಟೆ ಮಾರ್ಗದರ್ಶನ ಮಾಡಿದವರು ಅವರೇ. ಅವರ ಮಲಯಾಳದಲ್ಲಿ ಇಂದಿನ ಕೊಚ್ಚಿಯಲ್ಲಿ ಕೇಳಿಬರದ ಪದಗಳಿದ್ದವೆಂದು ಆತ ಅನಂತರ ನನಗೆ ಹೇಳಿದ.

ಕಥನದ ಮತ್ತೊಂದು ಕೊರತೆ ಸುತ್ತಣ ವಲಸಿಗರನ್ನು ಕಾಣದಿರುವುದು. ಮಟ್ಟಾಂಚೇರಿ ಪೂರ್ತಿಯಾಗಿ ವಲಸಿಗರ ಊರು. ಗುಜರಾತಿಗಳು, ಜೈನರು, ಕಚ್ಛಿ ಮೇಮನರು, ತಮಿಳು ಅಗಸರು ಎಲ್ಲರೂ ನಡೆದು ಮುಟ್ಟುವಷ್ಟು ದೂರದಲ್ಲಿದ್ದಾರೆ. ನಮಗೆ ಹೆಚ್ಚು ಹತ್ತಿರದವರು ಕೊಂಕಣಿಗರು. 1560ರಲ್ಲಿ ಗೋವೆಯಲ್ಲಿ ಪೋರ್ಚುಗೀಸರ ಧರ್ಮನ್ಯಾಯಾಲಯ ಸ್ಥಾಪನೆಯಾಯಿತು. ಅದಕ್ಕೆ ಹಿಂದೆಮುಂದೆ ಗೋವೆ ಬಿಟ್ಟವರಲ್ಲಿ ಕೆಲವರು ನಮ್ಮ ಕರಾವಳಿಯಲ್ಲಿ ನಿಂತರು, ಕೆಲವರು ಕೊಚ್ಚಿಯವರೆಗೆ ಸಾಗಿದರು. ಮಟ್ಟಾಂಚೇರಿಯ ತಿರುಮಲ ದೇವಸ್ವಂ ಅವರದು. ಸ್ಪೇನ್, ಪೋರ್ಚುಗಲ್‌ಗಳ ಧರ್ಮನ್ಯಾಯಾಲಯದಿಂದ ಓಡಿಬಂದ ಯಹೂದಿಯೂ ಗೋವೆಯದರಿಂದ ಓಡಿಬಂದ ಕೊಂಕಣಿಗನೂ ಒಂದೇ ಶತಮಾನದಲ್ಲಿ ಒಬ್ಬನೇ ರಾಜನ ಆಶ್ರಯದಲ್ಲಿ ನೆರೆಹೊರೆಯವರಾದರು. 1662ರಲ್ಲಿ ಪೋರ್ಚುಗೀಸರು ಸಿನಗಾಗನ್ನು ಹಾಳುಗೆಡವಿದ್ದನ್ನು ಹೇಳುವ ಮಾರ್ಗದರ್ಶಿ ಈ ನಂಟನ್ನು ಹೇಳುವುದಿಲ್ಲ, ಏಕೆಂದರೆ ಕೊಂಕಣಿ ದೇವಾಲಯ ಈ ಸುತ್ತಿನಲ್ಲಿ ಸೇರಿಲ್ಲ. ಜ್ಯೂ ಟೌನಿನ ಎಷ್ಟೋ ಅಂಗಡಿಗಳನ್ನು ಈಗ ಕಾಶ್ಮೀರದಿಂದ ಬಂದ ವರ್ತಕರು ನಡೆಸುತ್ತಾರೆ. ಮಾರ್ಗದರ್ಶಿಗಳು ಅವರನ್ನು ಕಥೆಯ ಅಂದ ಕೆಡಿಸಿದವರಂತೆ ಕಾಣುತ್ತಾರೆ. ವಲಸೆಯ ಕಥೆಗೆ ಅವರು ಇತ್ತೀಚಿನ ಅಧ್ಯಾಯವೆಂದು ನನಗೆ ತೋರುತ್ತದೆ.

ಈ ವಿಮರ್ಶೆ ಕನ್ನಡದ ಸಂಪುಟವೊಂದರಲ್ಲಿ ಏಕೆ ಎಂದು ಕೇಳಬಹುದು. ಮಂಗಳೂರಿನಲ್ಲಿ 1132ರಿಂದ 1149ರವರೆಗೆ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ನೆಲೆಸಿದ್ದ. ಟ್ಯುನೀಷಿಯಾದಿಂದ ಏಡನ್ ಮೂಲಕ ಬಂದವನು. ಇಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ. 1132ರಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ. ಆಕೆಯೇ ಅವನ ಮಕ್ಕಳ ತಾಯಿ ಎಂದು ವಿದ್ವಾಂಸರು ತಿಳಿಯುತ್ತಾರೆ. ಕೈರೋದ ಗೆನಿಜಾದಲ್ಲಿ ಸಿಕ್ಕಿದ ಅವನ ಕಾಗದಪತ್ರಗಳಲ್ಲಿ, ದಾಸಿಯಲ್ಲಿ ಹುಟ್ಟಿದ ಮಕ್ಕಳ ಧಾರ್ಮಿಕ ಸ್ಥಾನಮಾನದ ಪ್ರಶ್ನೆ ಕೂಡ ಇದೆ. ಮೆಶುಹ್ರಾರಿಂಗಳ ವ್ಯಥೆಯ ಬೀಜ ನಾಲ್ಕು ಶತಮಾನ ಮೊದಲೇ ಮಂಗಳೂರಿನಲ್ಲಿ ಮೊಳೆತಿತ್ತು. ಅವನ ವ್ಯವಹಾರಗಳನ್ನು ಏಡನ್ನಿನಲ್ಲಿ ನೋಡಿಕೊಂಡ ದಾಸನ ಹೆಸರನ್ನು ಅಮಿತಾವ್ ಘೋಷ್ ತಮ್ಮ 'ಇನ್ ಆ್ಯನ್ ಆಂಟಿಕ್ ಲ್ಯಾಂಡ್' (1992) ಕೃತಿಯಲ್ಲಿ ಬೊಮ್ಮ ಎಂದು ಗುರುತಿಸಿದರು. ಹಾಗೆ ಗುರುತಿಸುವಾಗ ಅವರಿಗೆ ದಾರಿ ತೋರಿದವರಲ್ಲಿ ನಮ್ಮವರೇ ಆದ ಬಿ.ಎ. ವಿವೇಕ ರೈ ಒಬ್ಬರು. ತುಳುವರ ಬೆರ್ಮೆರ್ ಆರಾಧನೆಯ ಅರಿವು ಗೆನಿಜಾದ ಹರಕು ಕಾಗದವೊಂದನ್ನು ಓದಲು ನೆರವಾಯಿತು. ಜಾನಪದ ಜ್ಞಾನಕ್ಕೆ ಸಂದ ಇಂಥ ಮನ್ನಣೆಗಳು ವಿರಳ. ಪರಂಪರೆ ಪ್ರವಾಸೋದ್ಯಮದ ಮಾತು ಎಲ್ಲೆಡೆ ಕೇಳಿಬರುವ ಈ ದಿನಗಳಲ್ಲಿ ಮಂಗಳೂರಿನ ಬಂದರಿನಲ್ಲೂ ಒಂದು ದಿನ ಬೆನ್ ಯಿಜುವಿನ ಕಥೆ ಹೇಳುವ ಮಾರ್ಗದರ್ಶಿ ನಿಲ್ಲುವುದು ಅಸಂಭವವಲ್ಲ. ಆಗ ಆಶುವಿನ ಪಾಲಿಗೆ, ಬೊಮ್ಮನ ಪಾಲಿಗೆ ಎಷ್ಟು ನಿಮಿಷ ಎಂಬುದನ್ನು ಬರೆದುಕೊಡುವವರು ಯಾರು? ಮಟ್ಟಾಂಚೇರಿಯ ಮಾರ್ಗದರ್ಶಿಗಳು ಹೇಳುವುದನ್ನು ಅವರು ಸೃಷ್ಟಿಸಲಿಲ್ಲ. ಕೈಪಿಡಿಗಳು, ಪತ್ರಿಕೆಗಳ ತಲೆಬರಹಗಳು, ವಿದ್ವಾಂಸರ ಶೀರ್ಷಿಕೆಗಳು ಅದನ್ನು ಅವರ ಬಾಯಿಗೆ ಇಟ್ಟವು. ಹಾಡುಗಳ ಸಂಕಲನ ಜೆರುಸಲೇಮಿನಲ್ಲಿ ಅಚ್ಚಾಗಿ ಗ್ರಂಥಾಲಯಗಳಲ್ಲಿ ಉಳಿದರೆ ಬೀದಿಯಲ್ಲಿ ನಿಂತವನಿಗೆ ಅದು ತಲುಪುವುದಾದರೂ ಹೇಗೆ?

ಪರವೂರು, ಚೇಂದಮಂಗಲಂಗಳ ಸಿನಗಾಗ್‌ಗಳು ಜೀರ್ಣೋದ್ಧಾರಗೊಂಡು ವಸ್ತುಸಂಗ್ರಹಾಲಯಗಳಾಗಿವೆ. ಚೇಂದಮಂಗಲಂನ ಅಂಗಳದಲ್ಲಿ 1269ರ ಸಮಾಧಿಶಿಲೆಯೊಂದು ನಿಂತಿದೆ. ಅದರ ಮೇಲಿನ ಹೀಬ್ರೂ ಬರಹ ಇಸ್ರಾಯೇಲನ ಮಗಳು ಸಾರಾ ಎನ್ನುತ್ತದೆ. ಜ್ಯೂ ಟೌನಿನ ಸಾರಾ ಅವರನ್ನು ಕಿಟಕಿಯಲ್ಲಿ ನೋಡಿದ ಸಾವಿರಾರು ಪ್ರವಾಸಿಗರಲ್ಲಿ ಈ ಸಾರಾಳ ಕಲ್ಲನ್ನು ನೋಡಿದವರು ವಿರಳ. ಇನ್ನು ಮಟ್ಟಾಂಚೇರಿಯ ಕಡವುಂಭಾಗಂ ಸಿನಗಾಗ್ ಇರುವುದು ಪರದೇಶಿ ಸಿನಗಾಗಿನ ಅದೇ ಬೀದಿಯ ಇನ್ನೊಂದು ತುದಿಯಲ್ಲಿ. 16ನೇ ಶತಮಾನದ ಆ ಕಟ್ಟಡ ಸಮುದಾಯ ಹೋದ ಮೇಲೆ ಗೋದಾಮಾಗಿ ಬಳಕೆಯಾಯಿತು. ಅದರ ಒಳಗಿನ ಮರಗೆತ್ತನೆ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂ ಸೇರಿದೆ. ಹೊರಗೋಡೆಯ ಒಂದು ಭಾಗ 2019ರ ಸೆಪ್ಟೆಂಬರ್ ಮಳೆಗೆ ಕುಸಿಯಿತು.

2023ರಲ್ಲಿ ಆ ಅಜ್ಜಿಯ ಜೊತೆ ನಡೆದ ಮಾರ್ಗದರ್ಶಿಗೆ ನಾನು ಊರಿಗೆ ಮರಳಿದ ಮೇಲೆ ಕೆಲವು ಹಾಡುಗಳ ನೆರಳಚ್ಚು ಪ್ರತಿ ಕಳಿಸಿದ್ದೆ. ಕೆಲವು ತಿಂಗಳ ಬಳಿಕ ಫೋನು ಮಾಡಿದ. ಈಗ ಬೀದಿಯ ಆ ತುದಿಗೂ ತಂಡಗಳನ್ನು ಕರೆದೊಯ್ಯುತ್ತೇನೆ, ಕುಸಿದ ಗೋಡೆಯ ಮುಂದೆ ನಿಂತು, ಇದನ್ನು ಕಟ್ಟಿದ ಕಥೆಯನ್ನು ಹೆಂಗಸರು ಹಾಡಾಗಿ ಹಾಡುತ್ತಿದ್ದರು ಎಂದು ಹೇಳುತ್ತೇನೆ ಎಂದ. ಕೇಳಿದವರು ಏನನ್ನುತ್ತಾರೆ ಎಂದೆ. 'ಹೆಚ್ಚಿನವರು ಊಟಕ್ಕೆ ಹೊತ್ತಾಯಿತು ಅನ್ನುತ್ತಾರೆ ಸಾರೇ. ಒಬ್ಬಿಬ್ಬರು ಹಾಡು ಎಂಥದ್ದು ಅಂತ ಕೇಳುತ್ತಾರೆ. ನನಗೆ ರಾಗ ಬರುವುದಿಲ್ಲ' ಎಂದ.